ತಲೆಯಿಲ್ಲದ ಮೊಳೆಗಳ ನವಿಲು

ಶಹಾಪುರ
೧೦ ಜನವರಿ ೧೯೯೨

ಯಾದಗಿರಿಯ ಹಾಸ್ಟೆಲಿನಲ್ಲಿದ್ದು ಶಿಕ್ಷಕಿಯಾಗಲು ಓದುತ್ತಿರುವ ಕುಲಪುತ್ರಿ ಮೋನಮ್ಮನಿಗೆ, ಅಡತಿ ಅಂಗಡಿಯ ಹತ್ತಿ ಅಂಡಿಗೆಗಳ ನಡುವೆ ಕುಳಿತು ಅಪ್ಪ ಬರೆಯುವುದೇನೆಂದರೆ:

ಮಗಳೇ! ಪುಸ್ತಕ ಮುಚ್ಚು. ಬಾಗಿಲು ಹಾಕು. ನಿನ್ನ ಅಪ್ಪನ ಎದೆಯ ಹುತ್ತದಲ್ಲಿ ಇಷ್ಟು ವರ್ಷ ಸುರುಳಿ ಸುತ್ತಿ ಮಲಗಿದ್ದ ಸರ್ಪ ಇಂದು ಟಪಾಲಿನವನ ಸೈಕಲ್ ಗಂಟೆಗೆ ಎಚ್ಚೆತ್ತಿದೆ!

ಸುರಪುರದಿಂದ ಒಂದು ಕಾರ್ಡು ಬಂದಿದೆ. ಬರೆದವನು ದೇವಿಂದ್ರ. ಹೌದು, ಅವನೇ. ಒಂದು ಕಾಲಕ್ಕೆ ನಮ್ಮ ಓಣಿಯಲ್ಲೇ ಇದ್ದು, ನನ್ನ ತಟ್ಟೆಯಲ್ಲೇ ಉಂಡು, ನನ್ನ ನಾಟಕಗಳಿಗೆಲ್ಲ ಪರದೆಯ ಹಗ್ಗ ಹಿಡಿದವನು. ಮಗಳು ಮಲ್ಲಿಕಮ್ಮನ ಮದುವೆ ಗೊತ್ತಾಗಿದೆಯಂತೆ, ಬಸವ ಜಯಂತಿ ಕಳೆದ ಮೇಲೆ. ಕೊನೆಯ ಸಾಲನ್ನು ಅವನ ಮಾತಿನಲ್ಲೇ ಓದು: "ಮಹಾರಾಜರು ತಪ್ಪದ ಬರ್ಬೇಕು. ತಮಗಂತ ಬ್ಯಾರೆ ಸೊಳ್ಳಿ ಪರದಿ ಕಟ್ಟಿಸೀನಿ."

ಸೊಳ್ಳಿ ಪರದಿ! ಮಗಳ ಮದುವೆಯ ಕರೆಯಲ್ಲೂ ಈ ಮಾತು!

ನಿನಗೆ ಗೊತ್ತಿರುವ ಕಥೆಯೇ. ಆದರೂ ಹೇಳುತ್ತೇನೆ, ಹೇಳದಿದ್ದರೆ ಸೇಡಿಗೆ ಹಸಿವಾಗುವುದಿಲ್ಲ. ವನದುರ್ಗದ ಹೊಲಗಳಿಗೆ ಕಾಲುವೆ ನೀರು ಬಂದ ಮೊದಲ ವರ್ಷ. ಜೋಳ ಬಿತ್ತುತ್ತಿದ್ದ ಜನ ಭತ್ತ ನಾಟಿ ಮಾಡಿ, ಆ ಹಿಗ್ಗಿಗೆ ನಾಟಕ ಆಡಿಸಿದರು. ಕೋಟೆಯ ಗೋಡೆಗೆ ಬೆನ್ನು ಕೊಟ್ಟು ರಂಗಮಂಚ. ರಾಜನ ಪಾತ್ರ ನನ್ನದು. ಕೊನೆಯ ಅಂಕದಲ್ಲಿ ಎದೆಗೆ ಬಾಣ ನಾಟಿ, "ಹೇ ಮಾತೃಭೂಮಿಯೇ, ಇಗೋ ನಿನ್ನ ಕಂದ!" ಎಂದು ಗುಡುಗಿ ಬಿದ್ದೆ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಆ ಕ್ಷಣಕ್ಕೆ ಪರದೆ ಬೀಳಬೇಕು. ಬೀಳಲಿಲ್ಲ! ನಾನು ಸತ್ತು ಮಲಗಿದ್ದೇನೆ, ದೇವಿಂದ್ರ ಹಗ್ಗ ಹಿಡಿದು ಸುಮ್ಮನೆ ನಿಂತಿದ್ದಾನೆ, ಗದ್ದೆಯ ನೀರಿನಲ್ಲಿ ಹೊಸದಾಗಿ ಹುಟ್ಟಿದ ಸೊಳ್ಳೆಗಳ ದಂಡು ಗ್ಯಾಸ್ ಬತ್ತಿಯ ಬೆಳಕಿಗೆ ಬಂದು ಮಹಾರಾಜನ ಮೀನಖಂಡದ ಮೇಲೆ ಇಳಿಯಿತು. ಎಷ್ಟೆಂದು ತಡೆಯಲಿ? ಹೆಣ ಎದ್ದು ಕೂತಿತು. ಪಟ್ ಎಂದು ಸೊಳ್ಳೆ ಹೊಡೆಯಿತು. ಕೆರೆದುಕೊಂಡಿತು. ಮತ್ತೆ ಮಲಗಿತು.

ಆ ನಗು! ಕೋಟೆಯ ಕಲ್ಲುಗಳೂ ನಕ್ಕವು. ಅಂದು ಅಮರಪ್ಪ ನಿಜವಾಗಿ ಸತ್ತ, ಸೊಳ್ಳಿರಾಜ ಹುಟ್ಟಿದ. ಅಂದಿನಿಂದ ನಾನು ಮುಖಕ್ಕೆ ಬಣ್ಣ ಹಚ್ಚಿಲ್ಲ. ನಿನ್ನ ಅವ್ವ ಸುಂದ್ರಮ್ಮನಿಗೆ ಇದೊಂದು ಚೇಷ್ಟೆ. "ಸತ್ತ ಮ್ಯಾಲ ಕೆರಕೊಂಡವರು ನೀವು, ದೇವಿಂದ್ರಗ ಯಾಕ ಬೈತೀರಿ?" ಎನ್ನುತ್ತಾಳೆ. ನಟನ ಹೆಂಡತಿ ಆಡುವ ಮಾತೇ ಇದು!

ಈಗ ಕೆಲಸದ ಮಾತು. ದೀಪಾವಳಿಗೆ ಬಂದಾಗ ಒಂದು ಹಡಗು ತಂದಿದ್ದೆಯಲ್ಲ, ಹಲಗೆಗೆ ಮೊಳೆ ಹೊಡೆದು, ಮೊಳೆಯಿಂದ ಮೊಳೆಗೆ ದಾರ ಎಳೆದು ಮಾಡಿದ್ದು. ಆ ವಿದ್ಯೆ ನನಗೆ ಬೇಕು. ಮದುವೆಗೆ ಕೈಯಾರೆ ಮಾಡಿದ ಉಡುಗೊರೆ ಒಯ್ಯುತ್ತೇನೆ. ಹೇಗೆ ಮಾಡುವುದು, ಬಿಡಿಸಿ ಬರೆ.

ರಣೋತ್ಸಾಹದಲ್ಲಿರುವ
ನಿನ್ನ ಅಪ್ಪ, ಅಮರಪ್ಪ

*

ಯಾದಗಿರಿ
೧೯ ಜನವರಿ ೧೯೯೨

ಅಪ್ಪನಿಗೆ ಮೋನಮ್ಮನ ನಮಸ್ಕಾರ.

ನಿಮ್ಮ ಪತ್ರವನ್ನು ಹಾಸ್ಟೆಲಿನ ಹುಡುಗಿಯರು ನನಗಿಂತ ಮೊದಲು ಒಡೆದು ಓದಿದ್ದಾರೆ. ಈಗ ಸಾರಿನ ಪಾತ್ರೆ ಬಂದಾಗಲೆಲ್ಲ ಯಾರಾದರೊಬ್ಬರು "ಹೇ ಮಾತೃಭೂಮಿಯೇ!" ಎನ್ನುತ್ತಾರೆ.

ಸೇಡಿಗೂ ದಾರದ ಚಿತ್ರಕ್ಕೂ ಏನು ಸಂಬಂಧವೋ ತಿಳಿಯಲಿಲ್ಲ. ಕೇಳಿದ್ದೀರಿ, ಹೇಳುತ್ತೇನೆ. ಒಂದು ಪ್ಲೈವುಡ್ ಹಲಗೆ ತೆಗೆದುಕೊಳ್ಳಿ. ಅಂಚನ್ನು ಉಪ್ಪುಕಾಗದದಿಂದ ತಿಕ್ಕಿ, ಇಲ್ಲದಿದ್ದರೆ ಬಟ್ಟೆ ಹರಿಯುತ್ತದೆ. ಮೇಲೆ ಕರಿ ಮಖಮಲ್ ಬಟ್ಟೆ ಬಿಗಿಯಾಗಿ ಅಂಟಿಸಿ. ಬೇಕಾದ ಚಿತ್ರವನ್ನು ಕಾಗದದ ಮೇಲೆ ಬರೆದು ಬಟ್ಟೆಯ ಮೇಲಿಟ್ಟು, ಗೆರೆಯ ಗುಂಟ ಸಮ ಅಂತರದಲ್ಲಿ ಸಣ್ಣ ಮೊಳೆ ಹೊಡೆಯುತ್ತ ಹೋಗಿ. ಪೂರ್ತಿ ಒಳಗಿಳಿಸಬೇಡಿ, ದಾರಕ್ಕೆ ಹಿಡಿತ ಬೇಕು. ಆಮೇಲೆ ಕಾಗದ ಹರಿದು ತೆಗೆದು, ದಾರದ ತುದಿಯನ್ನು ಒಂದು ಮೊಳೆಗೆ ಕಟ್ಟಿ, ಎದುರಿನ ಮೊಳೆಗೆ ಸುತ್ತಿ, ಮತ್ತೆ ಈಚೆಗೆ ತನ್ನಿ. ಹೀಗೇ ಹೋಗಿ ಬಂದು ಚಿತ್ರ ತುಂಬುತ್ತದೆ. ದಾರ ಸಡಿಲಾದರೆ ಚಿತ್ರ ಅಳುಮೋರೆ ಹಾಕುತ್ತದೆ. ಕೊನೆಯಲ್ಲಿ ಗಂಟು ಬಿಗಿದು ಒಂದು ಹನಿ ಗೋಂದು ಹಚ್ಚಿ.

ಮೊಳೆಗೆ ತಲೆ ಇರಲಿ. ತಲೆಯಿಲ್ಲದ್ದನ್ನು ತಂದರೆ ದಾರ ಜಾರಿ ಬೀಳುತ್ತದೆ.

ಇಂತಿ ನಿಮ್ಮ
ಮೋನಮ್ಮ

*

ಶಹಾಪುರ
೧೬ ಫೆಬ್ರುವರಿ ೧೯೯೨

ಮಗಳೇ, ಗುರುವೇ, ನನ್ನ ಆಯುಧಾಗಾರದ ಒಡತಿಯೇ!

"ತಲೆಯಿಲ್ಲದ್ದನ್ನು ತಂದರೆ ಜಾರಿ ಬೀಳುತ್ತದೆ." ಆಹಾ! ನೀನು ಬೇಡವೆಂದು ಬರೆದ ಆ ಒಂದು ಸಾಲು ನನ್ನ ಬುದ್ಧಿಗೆ ದೀಪ ಹಚ್ಚಿತು. ಅದನ್ನೋದಿ ಅಂಗಡಿಯಲ್ಲೇ ಗಹಗಹಿಸಿ ನಕ್ಕೆ. ತೂಕ ಮಾಡುತ್ತಿದ್ದ ಹಮಾಲ ತಕ್ಕಡಿ ಬಿಟ್ಟು ಓಡಿದ.

ಕೇಳು ನನ್ನ ವ್ಯೂಹ. ಹಲಗೆಯ ಮೇಲೆ ಎರಡು ಚಿತ್ರ. ಕೆಳಗಿನದು ತಲೆಯಿರುವ ಗಿಡ್ಡ ಮೊಳೆಗಳದು. ಅದರಲ್ಲಿ ಒಂದು ಕತ್ತೆ. ತಲೆಗೆ ದೇವಿಂದ್ರ ಸುತ್ತುವಂಥದ್ದೇ ಕೆಂಪು ರುಮಾಲು, ಹಲ್ಲಿನಲ್ಲಿ ಪರದೆಯ ಹಗ್ಗ! ಅದರ ಮೇಲೆ ತಲೆಯಿಲ್ಲದ ಉದ್ದ ಮೊಳೆಗಳಲ್ಲಿ ಗರಿಗೆದರಿದ ನವಿಲು. ನವಿಲಿನ ದಾರವನ್ನು ಮೊಳೆಗೆ ಸುತ್ತುವುದಿಲ್ಲ, ಬರೀ ಹಾಯಿಸುವುದು. ಕೊನೆಯ ತುದಿ ಹಲಗೆಯ ಹಿಂದೆ ಬಂದು ಜಾರುಗಂಟಿನಲ್ಲಿ ನಿಲ್ಲುತ್ತದೆ. ನಾಟಕದ ಪರದೆಗೆ ಹಾಕುವ ಅದೇ ಗಂಟು!

ಆಯೇರಿ ಮಾಡುವಾಗ ಸುರಪುರದ ಕಡೆ ಒಂದೊಂದೇ ಉಡುಗೊರೆ ಬಿಚ್ಚಿ, ಎತ್ತಿ ತೋರಿಸಿ, ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ನನ್ನ ಹೆಸರು ಕೂಗುತ್ತಾರೆ. ಜನ ನವಿಲು ನೋಡುತ್ತಾರೆ. ನಾನು ತುದಿ ಹಿಡಿದು ಎಳೆಯುತ್ತೇನೆ. ಝರ್ರ್! ಅಂದು ಬೀಳದ ಪರದೆ ಇಂದು ಬೀಳುತ್ತದೆ! ಬೀಗರ ಮುಂದೆ, ಇಡೀ ಸುರಪುರದ ಮುಂದೆ ಹಗ್ಗ ಕಚ್ಚಿದ ಕತ್ತೆ ಹಲ್ಲು ಕಿರಿಯುತ್ತದೆ!

ಕತ್ತೆ ಮುಗಿದಿದೆ. ಹೆಬ್ಬೆರಳು ಸುತ್ತಿಗೆಗೆ ಸಿಕ್ಕು ಬದನೆಕಾಯಿಯಾಗಿದೆ. ಕೆಳಗಿನ ಮೂಲೆಯಲ್ಲಿ ನನ್ನ ಹೆಸರನ್ನೂ ಮೊಳೆ ಹೊಡೆದು ಬರೆದಿದ್ದೇನೆ. ತಲೆಯಿರುವ ಮೊಳೆ, ಗಟ್ಟಿ ದಾರ. ಕತ್ತೆಯನ್ನು ಸೃಷ್ಟಿಸಿದವನು ಯಾರೆಂದು ಲೋಕ ಅರಿಯಲಿ. ಆದರೆ ನವಿಲಿನ ನಯ ನನ್ನ ಒರಟು ಬೆರಳಿಗೆ ಬಗ್ಗಲಿಲ್ಲ. ಹಲಗೆಯನ್ನು ಯಾದಗಿರಿ ಬಸ್ಸಿನ ಡ್ರೈವರ್ ಸಾಬಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಗೋಣಿ ಚೀಲದಲ್ಲಿ ಸುತ್ತಿದೆ. ನವಿಲನ್ನು ನೀನು ಹೆಣೆ.

ಜಯ ನಮ್ಮದೇ!
ನಿನ್ನ ಅಪ್ಪ, ಅಮರಪ್ಪ

*

ಯಾದಗಿರಿ
೧೫ ಮಾರ್ಚ್ ೧೯೯೨

ಅಪ್ಪನಿಗೆ,

ಹಲಗೆ ಬಂದು ಬಹಳ ದಿನವಾಯಿತು. ಮಂಚದ ಕೆಳಗಿಟ್ಟಿದ್ದೇನೆ. ಕತ್ತೆ ಚೆನ್ನಾಗಿದೆ, ನೋಡಿದ ಕೂಡಲೇ ದೇವಿಂದ್ರ ಕಾಕಾ ಎಂದು ಗೊತ್ತಾಗುತ್ತದೆ. ಅದೇ ನನ್ನ ಸಂಕಟ.

ವನದುರ್ಗದ ನಾಟಕವಾದ ಮೇಲೆ ಶಾಲೆಯಲ್ಲಿ ನಾನು ಒಳಗೆ ಹೋದರೆ ಸಾಕು, ಹಿಂದಿನ ಸಾಲಿನಿಂದ "ಗುಂಯ್" ಎಂದು ಶುರುವಾಗುತ್ತಿತ್ತು. ಸೊಳ್ಳಿರಾಜನ ಮಗಳು. ನಾನು ಇದನ್ನು ಮನೆಯಲ್ಲಿ ಹೇಳಲಿಲ್ಲ. ನಿಮ್ಮ ಮುಖ ನೋಡಿ ಹೇಳಲಾಗಲಿಲ್ಲ. ನನ್ನ ಪಕ್ಕಕ್ಕೆ ಬಂದು ಕೂತವಳು ಮಲ್ಲಿಕಮ್ಮ ಒಬ್ಬಳೇ. "ಇನ್ನೊಮ್ಮಿ ಗುಂಯ್ ಅನ್ರಿ, ಪಾಟಿಲೇ ತಲಿ ಒಡೀತೀನಿ" ಎಂದಳು. ಸ್ಲೇಟಿನಿಂದ ಒಬ್ಬನ ತಲೆ ಒಡೆದೂ ಬಿಟ್ಟಳು. ಆಮೇಲೆ ಅವರು ಓಣಿ ಬಿಟ್ಟು ಸುರಪುರಕ್ಕೆ ಹೋದರು. ಮಾತು ಬಿಟ್ಟವರು ನೀವಿಬ್ಬರು. ನಮ್ಮನ್ನು ಯಾರೂ ಕೇಳಲಿಲ್ಲ.

ಆ ಚಪ್ಪರದಲ್ಲಿ ಅಕ್ಕಿಕಾಳು ಬೀಳುವುದು ಅವಳ ತಲೆಯ ಮೇಲೆ. ಅವಳ ಬೀಗರ ಮುಂದೆ ಅವಳ ಅಪ್ಪನಿಗೆ ಕತ್ತೆಯ ಕಿವಿ ಬೇಡ ಅಪ್ಪಾ.

ಮೋನಮ್ಮ

*

ಶಹಾಪುರ
೨೧ ಮಾರ್ಚ್ ೧೯೯೨

ಮೋನಮ್ಮಾ,

ನಿನ್ನನ್ನು "ಗುಂಯ್" ಎಂದವರ ಮಾತು ಓದಿ ಊಟ ಸೇರಲಿಲ್ಲ. ಈಗ ಸೇಡು ಒಂದಲ್ಲ, ಎರಡು.

ನವಿಲು ಕಳಿಸು.

ಅಪ್ಪ

*

ಯಾದಗಿರಿ
೨೭ ಏಪ್ರಿಲ್ ೧೯೯೨

ಅಪ್ಪನಿಗೆ,

ಸಾಬಣ್ಣ ಕಾಕಾನ ಬಸ್ಸಿನಲ್ಲಿ ನವಿಲು ಬರುತ್ತಿದೆ. ನೀಲಿ, ಹಸಿರು, ಬಂಗಾರದ ಬಣ್ಣದ ರೇಷ್ಮೆ ದಾರ ಹಾಕಿದ್ದೇನೆ. ನೀವು ಹೇಳಿದಂತೆ ಎಲ್ಲಿಯೂ ಸುತ್ತಿಲ್ಲ. ತುದಿಯನ್ನು ಹಿಂದೆ ಬಿಟ್ಟಿದ್ದೇನೆ, ಸದ್ಯಕ್ಕೆ ಒಂದು ಸಣ್ಣ ಮೊಳೆಗೆ ಸಿಕ್ಕಿಸಿದೆ. ಜಾರುಗಂಟು ನೀವೇ ಹಾಕಿಕೊಳ್ಳಿ. ಗರಿಗಳನ್ನು ಒತ್ತಿ ಒಳಗೆ ಇಣುಕಬೇಡಿ, ದಾರ ಸಡಿಲಾದರೆ ಮತ್ತೆ ಬಿಗಿಯಲು ಬಾರದು.

ಮಲ್ಲಿಕಮ್ಮ ನನಗೆ ಬೇರೆ ಕರೆ ಕಳಿಸಿದ್ದಾಳೆ. ನಾನು ನೇರ ಸುರಪುರಕ್ಕೇ ಬರುತ್ತೇನೆ. ಮುಂದಿನ ಸಾಲಿನಲ್ಲಿ ಕೂತಿರುತ್ತೇನೆ.

ಮೋನಮ್ಮ

*

ಸುರಪುರ
೨ ಜೂನ್ ೧೯೯೨

ಅಮರಪ್ಪಗ ದೇವಿಂದ್ರನ ಶರಣು.

ನಿನ್ನಂಗ ಗುಡುಗಿ ಬರಿಯೂದು ನನಗ ಬರೂದಿಲ್ಲ. ಮಾತಾಡಿದಂಗ ಬರೀತೀನಿ.

ಮದುವಿ ಛಲೋ ಆತು. ನೀ ಬಂದಿ, ಉಂಡಿ, ನನ್ನ ಕೂಡ ಒಂದು ಮಾತಾಡಲಾರದ ಹೋದಿ. ಆಯೇರಿ ಹೊತ್ತಿನ್ಯಾಗ ನಮ್ಮ ಭಾಗಣ್ಣ ಮೈಕಿನ್ಯಾಗ ಏನು ಒದರಿದ ನೆನಪದ? "ಶಹಾಪುರದ ಅಮರಪ್ಪನೋರು, ತಮ್ಮ ಕೈಲೇ ಮಾಡಿದ ದಾರದ ನವಿಲು!" ಅವನ ಬಾಯಾಗ ಸೊಳ್ಳಿರಾಜ ಅನ್ನೂದು ಬರಲೇ ಇಲ್ಲ. ಮಂದಿ ಕುರ್ಚಿ ಮ್ಯಾಲ ಹತ್ತಿ ನೋಡಿದ್ರು. ಚಪ್ಪರದ ಸಂದಿಲಿಂದ ಬಿಸಿಲು ಬಿದ್ದು ಗರಿ ಹೊಳಿಯಾಕತ್ತಿತ್ತು. "ಗಂಡಸಿನ ಕೈಯಾಗ ಇಷ್ಟು ನಾಜೂಕು ಕೆಲಸ ಆಗತದೇನವ್ವ?" ಅಂತ ಹೆಣ್ಣಮಕ್ಕಳು ಬಾಯಿಗೆ ಬೆರಳಿಟ್ಟರು. ಚಪ್ಪಾಳಿ ಬಿತ್ತು. ಮತ್ತ ಬಿತ್ತು.

ಆವಾಗ ನಿನ್ನ ಬಲಗೈ ಹಲಗಿ ಹಿಂದ ಹೊಂಟಿದ್ದು ನಾ ನೋಡಿದೆ. ಹೋತು, ತುದಿ ಹಿಡೀತು, ಅಲ್ಲೇ ನಿಂತಿತು. ನೀ ಕಣ್ಣು ಮುಚ್ಚಿ ಚಪ್ಪಾಳಿ ಕೇಳಾಕತ್ತಿದ್ದಿ. ಅದು ನಿನ್ನ ರೋಗ, ಮೊದಲಿಂದ ಅದ. ನಾ ಹಲಗಿ ಇಸಗೊಂಡೆ. ಹೆಬ್ಬಟ್ಟಿಗೆ ಗಂಟು ಹತ್ತಿತು. ಯಪ್ಪಾ ಅಮರಪ್ಪ, ಪರದಿ ಗಂಟು ನನಗ ಗುರ್ತು ಹತ್ತೂದಿಲ್ಲೇನು? ಆ ಗಂಟು ಕಲಿಸಿದಾಂವ ಯಾರು? ಫೋಟೋ ತೆಗೆಯೂತನಾ ಅದರ ಮ್ಯಾಲ ಹೆಬ್ಬಟ್ಟು ಒತ್ತಿ ನಿಂತಿದ್ದೆ. ಫೋಟೋದಾಗ ನನ್ನ ಮುಖ ನೋಡು, ಚೇಳು ಹಿಡದಂಗ ಅದ.

ಪರದಿ ಅಂದ ಮ್ಯಾಲ ಹಿಂದೊಂದು ಸೀನು ಇರಬೇಕು. ಏನಿಟ್ಟೀದಿ, ನಾ ಇಣುಕಿಲ್ಲ. ಇಣುಕೂದೂ ಇಲ್ಲ. ಮಲ್ಲಿಕಮ್ಮ ಗಂಡನ ಮನಿಗೆ ಒಯ್ತೀನಿ ಅಂದ್ಲು. ಇದು ನನಗ ಬಂದದ್ದವ್ವ, ಇಲ್ಲೇ ಇರ್ಲಿ ಅಂದೆ. ಈಗ ಪಡಸಾಲಿ ಗೋಡಿಗೆ, ಬಾಗಲಕ್ಕ ಎದುರಿಗೆ ತೂಗಿ ಬಿಟ್ಟೀನಿ. ಬಂದವರೆಲ್ಲ ಕೇಳತಾರ, ನಾ ನಿನ್ನ ಹೆಸರು ಹೇಳತೀನಿ. ತುದಿ ನನ್ನ ಕೈಗೆ ನಿಲುಕೂ ಹಂಗ ಅದ.

ಇನ್ನ ಕೇಳು. ಈ ಸಲ ಕಾಲುವಿ ನೀರು ಬಿಟ್ಟು ನಾಟಿ ಮುಗಿದ ಮ್ಯಾಲ ವನದುರ್ಗದಾಗ ನಾಟಕ. ಅದೇ ನಾಟಕ, ಅದೇ ಕ್ವಾಟಿ ಗ್ವಾಡಿ. ರಾಜನ ಪಾರ್ಟು ನಿಂದು ಅಂತ ನಾ ಮಾತು ಕೊಟ್ಟು ಬಂದೀನಿ. ಹಗ್ಗ ಹಿಡಿಯಾಂವ ನಾನು. ನೀ ಬರಲಿಲ್ಲ ಅಂದ್ರ, ಶಹಾಪುರ ಸುರಪುರ ಎರಡೂ ಕಡಿ ಮಂದಿ ಕರದು ಕುಂದರಿಸಿ, ನಿನ್ನ ನವಿಲಿನ ದಾರ ಎಳೀತೀನಿ.

ಆವತ್ತು ಪರದಿ ಯಾಕ ಬಿಡಲಿಲ್ಲ ಅಂತ ನೀ ನನ್ನ ಒಮ್ಮಿನೂ ಕೇಳಲಿಲ್ಲ. ಊರಿಗೆಲ್ಲ ಹೇಳಿದಿ, ನನ್ನ ಕೇಳಲಿಲ್ಲ. ರಾಜನ ಮಾತು ಅಷ್ಟೂ ನನಗೂ ಬಾಯಿಪಾಠ ಇತ್ತು, ಅದು ನಿನಗ ಗೊತ್ತಿತ್ತು. ಈಗ ಕೇಳಿದ್ರೂ ಹೇಳೂದಿಲ್ಲ.

ಹಗ್ಗ ಹಿಡಿದಾಂವ
ದೇವಿಂದ್ರ

*

ಶಹಾಪುರ
೮ ಜೂನ್ ೧೯೯೨

ಮಗಳೇ ಮೋನಮ್ಮಾ, ಕಾಪಾಡು!

ದೇವಿಂದ್ರನ ಪತ್ರವನ್ನು ಇದರ ಜೊತೆಗಿಟ್ಟಿದ್ದೇನೆ. ಓದು. ಓದಿ ನಿನ್ನ ಅಪ್ಪನ ಕೊರಳಿಗೆ ಬಿದ್ದಿರುವ ಕುಣಿಕೆ ನೋಡು. ನಾನೇ ಹೊಸೆದ ದಾರ, ನಾನೇ ಹಾಕಿದ ಗಂಟು!

ಇಲ್ಲಿ ಏನಾಗಿದೆ ಬಲ್ಲೆಯಾ? ಮದುವೆಯಿಂದ ಬಂದವರು ಊರೆಲ್ಲ ಹೇಳಿದ್ದಾರೆ. ಮೊನ್ನೆ ಚಹಾದಂಗಡಿಯಲ್ಲಿ ಕೂತಿದ್ದೆ. ತಾಯಪ್ಪ ಬಂದ. "ಸೊಳ್ಳಿರಾಜ" ಎಂದು ನನಗೆ ಮೊಟ್ಟಮೊದಲು ಹೆಸರಿಟ್ಟವನೇ ಅವನು. ಅಂಥವನು ಎದ್ದು ಜಾಗ ಬಿಟ್ಟು, "ನವಿಲು ಅಮರಪ್ಪ, ಬಾರಪ್ಪ, ನಮ್ಮ ಮನಿಗೂ ಒಂದು ಮಾಡಿಕೊಡು" ಎಂದ. ನವಿಲು ಅಮರಪ್ಪ! ಮಗಳೇ, ಆ ಹೆಸರು ಕೇಳಿ ಚಹಾ ಲೋಟ ಕೈಯಲ್ಲೇ ಆರಿತು. ನಿನ್ನ ಅವ್ವ ಮಾತ್ರ, "ನವಿಲು ಮಾಡಿದಾಕಿ ಹಾಸ್ಟೆಲಿನ್ಯಾಗ ಕುಂತಾಳ, ಕುಣಿಯೂದು ಇಲ್ಲಿ ನಡದದ" ಎಂದಳು. ಅನ್ನಲಿ.

ಆ ದೇವಿಂದ್ರ ಎಳೆದರೆ? ನವಿಲು ಉದುರಿ ಕತ್ತೆ ಎದ್ದು ನಿಂತರೆ? ಮದುವೆಯ ಮನೆಗೆ ಕತ್ತೆ ಒಯ್ದ ಅಮರಪ್ಪ! ಕೆಳಗೆ ನನ್ನದೇ ಹೆಸರು, ಅದೂ ತಲೆಯಿರುವ ಮೊಳೆಯಲ್ಲಿ, ಜಾರುವುದೂ ಇಲ್ಲ! ವನದುರ್ಗಕ್ಕೆ ಹೋದರೋ ಅದೇ ರಂಗಮಂಚ, ಅದೇ ಗದ್ದೆ, ಅದೇ ಸೊಳ್ಳೆ, ಹಗ್ಗ ಮತ್ತೆ ಅವನ ಕೈಯಲ್ಲೇ.

ಆ ದಿನ ಚಪ್ಪರದಲ್ಲಿ ಕೈ ಯಾಕೆ ನಿಂತಿತು ಎಂದು ನೀನಾದರೂ ಕೇಳಬೇಡ.

ದಾರಿ ಕಾಣದ
ನಿನ್ನ ಅಪ್ಪ

*

ಯಾದಗಿರಿ
೩ ಜುಲೈ ೧೯೯೨

ಅಪ್ಪನಿಗೆ,

ಬೇಗ ಬರೆಯಬಹುದಿತ್ತು. ಬೇಕೆಂದೇ ತಡ ಮಾಡಿದೆ. ನೀವು ಸ್ವಲ್ಪ ದಿನ ಹೆದರಿಕೊಂಡಿರಲಿ ಎನಿಸಿತು.

ನವಿಲಿನ ಹಿಂದೆ ಕತ್ತೆ ಇಲ್ಲ.

ಯುಗಾದಿ ರಜೆಯಲ್ಲಿ ಹಾಸ್ಟೆಲ್ ಖಾಲಿಯಾಗಿದ್ದಾಗ ಹಲಗೆ ಹೊರಗೆಳೆದು ಕತ್ತೆಯ ದಾರ ಬಿಚ್ಚಿದೆ, ಮೊಳೆಗಳನ್ನೆಲ್ಲ ಇಕ್ಕಳದಿಂದ ಕಿತ್ತೆ, ಮಖಮಲನ್ನು ಬೆರಳಿನಿಂದ ತಿಕ್ಕಿದೆ. ತೂತುಗಳೂ ಕಾಣುವುದಿಲ್ಲ. ಆಮೇಲೆ ಅದರ ಮೇಲೆ ನವಿಲು ಹೆಣೆದೆ. ಈಗ ದೇವಿಂದ್ರ ಕಾಕಾ ತುದಿ ಎಳೆದರೆ ನವಿಲು ಬೀಳುತ್ತದೆ, ಕರಿ ಬಟ್ಟೆ, ಬೋಳು ಮೊಳೆಗಳು ಉಳಿಯುತ್ತವೆ. ಮೂಲೆಯಲ್ಲಿ ನಿಮ್ಮ ಹೆಸರೂ ಉಳಿಯುತ್ತದೆ. ಅದನ್ನು ಮಾತ್ರ ಕೀಳಲಿಲ್ಲ.

ಮದುವೆಯಲ್ಲಿ ನೀವು ಎಳೆದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಎಲ್ಲರ ಮುಂದೆ ಬರೀ ಕರಿ ಬಟ್ಟೆ ಹಿಡಿದು ನಿಂತಿರುತ್ತಿದ್ದಿರಿ. ಮತ್ತೊಮ್ಮೆ ಅದೇ ನಗು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಹೇಳದೆ ಮುಂದಿನ ಸಾಲಿನಲ್ಲಿ ಕೂತಿದ್ದೆ. ಮಲ್ಲಿಕಮ್ಮನ ಮಾತೇ ಎತ್ತದೆ "ನವಿಲು ಕಳಿಸು" ಎಂದು ಬರೆದಿದ್ದಿರಲ್ಲ, ಅದಕ್ಕೆ. ಸೇಡು ನಿಮ್ಮೊಬ್ಬರಿಗೇ ಬರುತ್ತದೆಯೇ?

ನಿಮ್ಮ ಕೈ ನಿಂತಾಗ ನಾನು ಅತ್ತೆ. ಪಕ್ಕದಲ್ಲಿದ್ದ ಮುದುಕಿ, "ಗೆಳತಿ ಗಂಡನ ಮನಿಗೆ ಹೋಗತಾಳಂತ ಅಳಾಕತ್ತೀದೇನವ್ವ?" ಎಂದು ತನ್ನ ಸೆರಗು ಕೊಟ್ಟಳು. ಹೌದೆಂದೆ.

ಇದನ್ನು ಕಾಕಾನಿಗೆ ಹೇಳುವುದು ಬಿಡುವುದು ನಿಮಗೆ ಸೇರಿದ್ದು. ಹೇಳಿದರೆ ನೀವು ವನದುರ್ಗಕ್ಕೆ ಹೋಗುವ ಕಾರಣವಿಲ್ಲ.

ಮೋನಮ್ಮ

*

ಶಹಾಪುರ
೧೪ ಜುಲೈ ೧೯೯೨

ನನ್ನ ನವಿಲನ್ನು ಪಡಸಾಲೆಯಲ್ಲಿ ಸೆರೆಯಿಟ್ಟ ಸುರಪುರದ ದುರುಳ ದೇವಿಂದ್ರನಿಗೆ,

ಎಲವೋ! ನಿನ್ನ ಬೆದರಿಕೆ ಮುಟ್ಟಿತು. ಆ ನವಿಲಿನ ಹಿಂದೆ ಅಡಗಿರುವ ದೃಶ್ಯವನ್ನು ನೀನು ಊಹಿಸಲಾರೆ. ನೋಡಿದವನ ಎದೆ ಒಡೆಯುತ್ತದೆ. ಅದು ಲೋಕಕ್ಕೆ ಬಿದ್ದರೆ ನೀನೂ ತಲೆ ಎತ್ತಲಾರೆ, ನಾನೂ ತಲೆ ಎತ್ತಲಾರೆ. ಆದ್ದರಿಂದ ಆ ತುದಿಯನ್ನು ಮುಟ್ಟಬೇಡ. ಮಕ್ಕಳು ಎಳೆಯದಂತೆ ಇನ್ನೊಂದು ಗೇಣು ಮೇಲೆ ತೂಗು ಹಾಕು. ಧೂಳು ಒರೆಸುವಾಗ ಉಸಿರು ಬಿಗಿಹಿಡಿ. ಅದಕ್ಕೆ ಅಂಜಿ, ಕೇವಲ ಅದೊಂದಕ್ಕೇ ಅಂಜಿ, ನಾನು ವನದುರ್ಗಕ್ಕೆ ಬರುತ್ತಿದ್ದೇನೆ. ಬೇರೆ ಯಾವ ಕಾರಣವೂ ಇಲ್ಲ.

ಆವತ್ತು ಪರದೆ ಯಾಕೆ ಬಿಡಲಿಲ್ಲ ಎಂದು ನಾನು ಈಗಲೂ ಕೇಳುವುದಿಲ್ಲ. ಮೊದಲ ಅಂಕದಲ್ಲಿ ರಾಜ ಸಿಂಹಾಸನವೇರುವವರೆಗಿನ ಮಾತುಗಳು ನನಗೆ ಮರೆತುಹೋಗಿವೆ. ವಯಸ್ಸಾಯಿತು. ಅಷ್ಟು ಭಾಗ ಕಿರೀಟ ತೊಟ್ಟು ನೀನೇ ಆಡು, ನಿನಗೆ ಬಾಯಿಪಾಠವಿದೆಯಲ್ಲ. ಆಗ ಹಗ್ಗ ನಾನು ಹಿಡಿಯುತ್ತೇನೆ. ಬಿಡಬೇಕಾದಾಗ ಬಿಡುತ್ತೇನೋ ಇಲ್ಲವೋ, ಆ ಭಯದಲ್ಲಿ ನೀನು ಬೆವರಬೇಕು. ನಿನ್ನ ಬೆವರನ್ನು ನಾನು ಕಣ್ತುಂಬ ನೋಡಬೇಕು!

ಆದರೆ ಸಾಯುವವನು ನಾನೇ. ಸಾವನ್ನು ಬಿಟ್ಟುಕೊಡಲಾರೆ. ಬಾಣ ತಾಗಿ ಬೀಳುವಾಗ ಈ ಸಲ ಕಾಲನ್ನು ನಿನ್ನ ಕಡೆಗೇ ಚಾಚುತ್ತೇನೆ. ಪರದೆಗೆ ಇನ್ನೊಂದು ಹಗ್ಗವಿರುತ್ತದೆ, ಅದರ ತುದಿ ನನ್ನ ಕಾಲಿನ ಹೆಬ್ಬೆರಳಿಗೆ. ನೀನು ಬಿಟ್ಟೆಯೋ ಸರಿ. ಬಿಡಲಿಲ್ಲವೋ, ಹೆಣವೇ ಕಾಲು ಜಾಡಿಸಿ ಪರದೆ ಕೆಡವುತ್ತದೆ!

ಹೆಬ್ಬೆರಳಿನ ಗಂಟು ಜಾರುಗಂಟೇ ಆಗಿರಬೇಕು. ಸುತ್ತಿಗೆ ಪೆಟ್ಟು ಬಿದ್ದ ಮೇಲೆ ನನ್ನ ಕೈ ಹೆಬ್ಬೆರಳು ಸರಿಯಾಗಿ ಮಡಚುವುದಿಲ್ಲ. ಬೇಗ ಬಂದು ನೀನೇ ಕಟ್ಟು.

ಸೊಳ್ಳಿರಾಜ
ಅಮರಪ್ಪ